ಸಿಂಕಿನ ಕೆಳಗಿನ ಹನಿ: ನಟ್ ಬಿಗಿ ಮಾಡುವ ಮುಂಚೆ

ಸಿಂಕಿನ ಕೆಳಗಿನ ಕಪಾಟು ತೆರೆದಾಗ ಹಲಗೆ ಒದ್ದೆಯಾಗಿದ್ದರೆ ಹೆಚ್ಚಿನವರು ಮಾಡುವ ಮೊದಲ ಕೆಲಸ ಒಂದೇ. ಕೈಗೆ ಸಿಕ್ಕಿದ ನಟ್ ಹಿಡಿದು ಇನ್ನೊಂದು ಸುತ್ತು ಬಿಗಿ ಮಾಡುವುದು. ಹನಿ ನಿಂತ ಹಾಗೆ ಕಾಣುತ್ತದೆ. ನಾಲ್ಕು ದಿನ ಕಳೆದರೆ ಮತ್ತೆ ಶುರು. ಆಗ ಇಕ್ಕಳ ತಂದು ಇನ್ನರ್ಧ ಸುತ್ತು. ಹೀಗೆ ನಡೆಯುತ್ತಾ ಒಂದು ದಿನ ಪ್ಲಾಸ್ಟಿಕ್ ನಟ್ ಟಕ್ಕೆಂದು ಸೀಳುತ್ತದೆ, ಅಲ್ಲಿಯವರೆಗೆ ತೊಟ್ಟಿಕ್ಕುತ್ತಿದ್ದ ನೀರು ಧಾರೆಯಾಗಿ ಸುರಿಯುತ್ತದೆ. ಕೊಳೆನೀರಿನ ಜಾಯಿಂಟು ನೀರು ಹಿಡಿಯುವುದು ಅದರೊಳಗಿನ ವಾಷರ್ ನೆಟ್ಟಗೆ ಕೂತಿದ್ದಾಗ. ಓರೆಯಾಗಿ ಕೂತ ವಾಷರನ್ನು ಎಷ್ಟು ಅದುಮಿದರೂ ಅದು ಓರೆಯಾಗಿಯೇ ಉಳಿಯುತ್ತದೆ, ಇನ್ನಷ್ಟು ವಕ್ರವಾಗುತ್ತದೆ ಅಷ್ಟೇ.

ಇದರ ಹಿಂದಿನ ಲೆಕ್ಕ ಸರಳ. ಹತ್ತು ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಪಂಪಿನಿಂದ ನಲ್ಲಿಗೆ ಬರುವ ಪೈಪಿನಲ್ಲಿ 2ರಿಂದ 4 ಬಾರ್ ಇರುವುದು ಮಾಮೂಲು. ಆದರೆ ಸಿಂಕ್ ತುಂಬಾ ನೀರಿದ್ದರೂ ಅದರ ಕೆಳಗಿನ ಟ್ರ್ಯಾಪಿನ (ಯಾವಾಗಲೂ ಒಂದಿಷ್ಟು ನೀರು ನಿಲ್ಲುವ ಬಾಗಿದ ಕೊಳವೆ) ಮೇಲೆ ನಿಲ್ಲುವುದು ಹೆಚ್ಚೆಂದರೆ ಅರ್ಧ ಮೀಟರ್ ನೀರು, ಅಂದರೆ 0.05 ಬಾರ್. ಅಷ್ಟು ಸಣ್ಣ ಒತ್ತಡ ತಡೆಯಲು ಮೆತ್ತನೆಯ ಒಂದು ಬಳೆ ಸಾಕು. ಅದಕ್ಕೇ ಈ ಜಾಯಿಂಟುಗಳನ್ನು ಕೈಯಲ್ಲೇ ಬಿಚ್ಚಿ ಕೈಯಲ್ಲೇ ಕೂಡಿಸುವ ಹಾಗೆ ಮಾಡಿರುತ್ತಾರೆ. ಕಟ್ಟಿಕೊಂಡ ಕಸ ತೆಗೆಯಲು ಆಗಾಗ ಬಿಚ್ಚಲೇಬೇಕಲ್ಲ. ಅಲ್ಲಿ ಜೋರು ಮಾಡಿ ಗೆಲ್ಲುವಂಥದ್ದು ಏನೂ ಇಲ್ಲ.

ಮೊದಲು ಹುಡುಕಬೇಕು

ಹನಿ ಬೀಳುವ ಜಾಗವೂ ಸೋರುವ ಜಾಗವೂ ಒಂದೇ ಆಗಿರುವುದು ಅಪರೂಪ. ನೀರು ಪೈಪಿನ ಹೊರಮೈಗೆ ಅಂಟಿಕೊಂಡು ಇಳಿಯುತ್ತದೆ, ಒಂದು ನಟ್ಟಿನ ಅಂಚು ಸಿಕ್ಕಿದರೆ ಅದನ್ನು ಬಳಸಿಕೊಂಡು ಮುಂದೆ ಹೋಗುತ್ತದೆ, ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ ಹನಿಯಾಗಿ ಬೀಳುತ್ತದೆ. ಆ ತಗ್ಗಿನ ಜಾಗ ಬಹುಪಾಲು ಟ್ರ್ಯಾಪಿನ ತಳ. ಹಾಗಾಗಿ ಬೈಗುಳವೂ ರಿಪೇರಿಯೂ ಟ್ರ್ಯಾಪಿಗೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕೆಲಸ ಅದು.

ಮೊದಲು ಕಪಾಟು ಪೂರ್ತಿ ಖಾಲಿ ಮಾಡಿ. ನೀರು ಶುದ್ಧೀಕರಿಸುವ ಯಂತ್ರವೋ ಕಸ ಅರೆಯುವ ಯಂತ್ರವೋ ಅಲ್ಲೇ ಇದ್ದರೆ ಪ್ಲಗ್ ತೆಗೆಯಿರಿ. ಪ್ರತಿ ಪೈಪು, ನಟ್ಟು, ಸಿಂಕಿನ ತಳ ಎಲ್ಲವನ್ನೂ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಹಲಗೆಯ ಮೇಲೆ ಹಳೆಯ ದಿನಪತ್ರಿಕೆ ಹಾಸಿ. ಹನಿ ಬಿದ್ದ ಕಡೆ ಕಾಗದ ಕಪ್ಪಾಗುವುದರಿಂದ ನೋಡುವುದು ಸುಲಭ. ಕೈಯಲ್ಲಿ ಟಾರ್ಚ್ ಇರಲಿ, ಇನ್ನೊಂದು ಕೈಯಲ್ಲಿ ಟಿಶ್ಯೂ ಪೇಪರ್. ಬೆರಳಿಗೆ ತಿಳಿಯದ ತೇವ ಟಿಶ್ಯೂಗೆ ತಕ್ಷಣ ತಿಳಿಯುತ್ತದೆ.

ಇನ್ನು ಪರೀಕ್ಷೆ. ಏನನ್ನೂ ಹರಿಸದೆ ಹತ್ತು ನಿಮಿಷ ಬಿಡಿ. ಆಗಲೂ ಎಲ್ಲಾದರೂ ಒದ್ದೆಯಾದರೆ ಅದು ನಲ್ಲಿಗೆ ನೀರು ತರುವ ಕಡೆಯ ಸೋರಿಕೆ ಇರಬಹುದು, ಇಲ್ಲವೇ ಟ್ರ್ಯಾಪಿನಲ್ಲಿ ನಿಂತ ನೀರೇ ಅದರ ತಳದಿಂದ ಜಿನುಗುತ್ತಿರಬಹುದು. ನಲ್ಲಿಗೆ ಬರುವ ನೀರು ನಿಲ್ಲಿಸುವ ಆಂಗಲ್ ವಾಲ್ವ್ ಮುಚ್ಚಿದರೆ ಇವೆರಡರಲ್ಲಿ ಯಾವುದು ಎಂದು ಗೊತ್ತಾಗುತ್ತದೆ. ಮುಚ್ಚಿದ ಮೇಲೆ ನಿಂತರೆ ನಲ್ಲಿಯ ಕಡೆಯದು. ತಣ್ಣೀರಿನ ಪೈಪಿನ ಮೇಲೆ ಹಬೆ ಕೂತು ಹನಿಗಟ್ಟುವುದೂ ಉಂಟು. ಆದರೆ ಅದು ಒಂದೇ ಕಡೆ ಅಲ್ಲ, ಪೈಪಿನ ಉದ್ದಕ್ಕೂ ಕಾಣಿಸುತ್ತದೆ.

ಅದಾದ ಮೇಲೆ ಸಿಂಕಿನ ಬಾಯಿ ಮುಚ್ಚಿ ಮುಕ್ಕಾಲು ಪಾಲು ನೀರು ತುಂಬಿಸಿ ಕಾಯಿರಿ. ನೀರು ಕೆಳಗೆ ಹರಿಯುತ್ತಿಲ್ಲ, ಆದರೂ ಸಿಂಕಿನ ತಳದಲ್ಲಿ ತೇವ ಕಂಡರೆ ತಪ್ಪು ಕಪ್ಲಿಂಗ್ (ಸಿಂಕಿನ ತೂತಿಗೆ ಕೂತ ಜಾಲರಿಯ ಭಾಗ) ಮತ್ತು ಸಿಂಕಿನ ನಡುವೆ ಇದೆ. ತೇವ ಕಾಣಲಿಲ್ಲವೆಂದರೆ ಮುಚ್ಚಳ ಒಮ್ಮೆಲೇ ತೆಗೆದು ಪೂರ್ತಿ ನೀರು ಬಿಡಿ. ತೆಳ್ಳಗೆ ನಲ್ಲಿ ಬಿಟ್ಟು ನೋಡುವುದು ಪರೀಕ್ಷೆಯೇ ಅಲ್ಲ. ಆ ನೀರು ಪೈಪಿನ ಒಂದು ಗೋಡೆ ಹಿಡಿದು ಇಳಿದುಹೋಗುತ್ತದೆ, ಜಾಯಿಂಟಿನ ಸುತ್ತ ತಾಗುವುದೇ ಇಲ್ಲ. ತುಂಬಿದ ಸಿಂಕ್ ಒಮ್ಮೆಲೇ ಖಾಲಿಯಾಗುವಾಗ ಮಾತ್ರ ಪೈಪು ತುಂಬಿ ಹರಿಯುತ್ತದೆ. ಎರಡು ಬೇಸಿನ್ ಇರುವ ಸಿಂಕಾದರೆ ಎರಡನ್ನೂ ತುಂಬಿಸಿ ಒಟ್ಟಿಗೆ ಬಿಡಬೇಕು, ಏಕೆಂದರೆ ಅವೆರಡೂ ಕೂಡುವ ಟೀ ಜಾಯಿಂಟಿನ ಪರೀಕ್ಷೆ ಆಗ ಮಾತ್ರ ಆಗುತ್ತದೆ. ನೀರು ಇಳಿಯುವಾಗ ಟಿಶ್ಯೂವನ್ನು ಮೇಲಿನಿಂದ ಕೆಳಕ್ಕೆ ಒಂದೊಂದೇ ನಟ್ಟಿಗೆ ತಾಗಿಸುತ್ತಾ ಬನ್ನಿ. ಮೊದಲು ಒದ್ದೆಯಾದದ್ದೇ, ಅಂದರೆ ಎಲ್ಲಕ್ಕಿಂತ ಮೇಲಿನ ಒದ್ದೆಯೇ, ಮೂಲ.

ಇಷ್ಟೆಲ್ಲ ಮಾಡಿದರೂ ಏನೂ ಸಿಗದಿದ್ದರೆ ಸಿಂಕಿನ ಅಂಚು ಮತ್ತು ನಲ್ಲಿಯ ಬುಡದ ಸುತ್ತ ಒಂದು ಲೋಟ ನೀರು ನಿಧಾನವಾಗಿ ಸುರಿದು ನೋಡಿ. ಡ್ರೇನಿನ ಮೇಲೆ ಹಾಕುವ ಆಪಾದನೆಗಳಲ್ಲಿ ಒಂದಷ್ಟು ಕಲ್ಲಿಗೂ ಸಿಂಕಿಗೂ ನಡುವೆ ಸಿಲಿಕಾನ್ ಕಿತ್ತುಹೋದ ಬಿರುಕಿಗೆ ಸೇರಬೇಕಾದವು.

ವಾಷರ್ ಎಂಬ ಸಣ್ಣ ಬಳೆ

ಸಿಂಕಿನ ತೂತಿಗೆ ಕೂತ ಜಾಲರಿಯ ಭಾಗ ಕಪ್ಲಿಂಗ್. ಅದರಿಂದ ಇಳಿಯುವ ನೆಟ್ಟನೆಯ ತುಂಡು ಪೈಪು ಟೇಲ್‌ಪೀಸ್. ಅದು ಹೋಗಿ ಸೇರುವುದು ಟ್ರ್ಯಾಪಿಗೆ. ಟ್ರ್ಯಾಪಿನಿಂದ ಗೋಡೆಗೋ ನೆಲಕ್ಕೋ ಹೋಗುವುದು ವೇಸ್ಟ್ ಪೈಪ್. ಇವುಗಳ ನಡುವಿನ ಜಾಯಿಂಟುಗಳಲ್ಲಿ ಎರಡು ಜಾತಿಯ ವಾಷರ್ ಇರುತ್ತವೆ. ಈ ವ್ಯತ್ಯಾಸ ಗೊತ್ತಿಲ್ಲದಿರುವುದೇ ಅರ್ಧ ಸೋರಿಕೆಗಳಿಗೆ ಕಾರಣ ಎಂದರೆ ಉತ್ಪ್ರೇಕ್ಷೆ ಆಗಲಾರದು.

ಟೇಲ್‌ಪೀಸಿನ ಮೇಲ್ತುದಿಯಲ್ಲಿ ಹೊರಕ್ಕೆ ಚಾಚಿದ ಅಂಚು ಇರುತ್ತದೆ. ಅಲ್ಲಿ ಬರುವುದು ಚಪ್ಪಟೆ ವಾಷರ್. ಆ ಅಂಚಿಗೂ ಕಪ್ಲಿಂಗಿನ ಬಾಯಿಗೂ ನಡುವೆ ಅದು ಕೂರುತ್ತದೆ, ನಟ್ ಕೆಳಗಿನಿಂದ ಅಂಚನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಉಳಿದ ಕಡೆ, ಅಂದರೆ ಒಂದು ಪೈಪು ಇನ್ನೊಂದರ ಒಳಕ್ಕೆ ಜಾರುವ ಕಡೆ, ಬೇಕಾದದ್ದು ಇಳಿಜಾರಿನ ವಾಷರ್. ಇದನ್ನು ಬೆರಳಲ್ಲಿ ಹಿಡಿದು ಸುತ್ತಲೂ ಸವರಿ ನೋಡಿ. ಒಂದು ಮುಖ ದಪ್ಪ, ಸಪಾಟು. ಇನ್ನೊಂದು ಮುಖ ಒಳಕ್ಕೆ ಕಿರಿದಾಗುತ್ತಾ ಹೋಗಿ ತೆಳುವಾದ ತುಟಿಯಲ್ಲಿ ಮುಗಿಯುತ್ತದೆ. ಆ ತೆಳು ತುಟಿ ಟ್ರ್ಯಾಪಿನ ಬಾಯಿಯ ಕಡೆಗಿರಬೇಕು, ಸಪಾಟು ಮುಖ ನಟ್ಟಿನ ಕಡೆಗೆ. ನಟ್ ಒತ್ತಿದಾಗ ತುಟಿ ಟ್ರ್ಯಾಪಿನ ಬಾಯೊಳಗೆ ಇಳಿದು, ಅಲ್ಲಿನ ಇಳಿಜಾರಿಗೆ ಒರಗಿ, ಒಳಗಿನ ಪೈಪನ್ನು ಸುತ್ತಲೂ ಸಮನಾಗಿ ಅಪ್ಪಿಕೊಳ್ಳುತ್ತದೆ. ತಿರುವುಮುರುವು ಹಾಕಿದರೆ ಸಪಾಟು ಮುಖ ಟ್ರ್ಯಾಪಿನ ಅಂಚಿನ ಮೇಲೆ ಸುಮ್ಮನೆ ಕೂರುತ್ತದೆ, ತುಟಿ ನಟ್ಟಿನೊಳಗೆ ಮಡಚಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಏನೂ ವ್ಯತ್ಯಾಸ ಕಾಣದು. ನೀರು ಬಿಟ್ಟಾಗಲೇ ತಿಳಿಯುವುದು.

ಸೇರಿಸುವ ಕ್ರಮವೂ ಮುಖ್ಯ. ಪೈಪಿಗೆ ಮೊದಲು ನಟ್, ಆಮೇಲೆ ವಾಷರ್. ನಟ್ ಮರೆತು ವಾಷರ್ ಹಾಕಿ, ಟ್ರ್ಯಾಪ್ ಎತ್ತಿ ಹಿಡಿದು, ಆಮೇಲೆ ಪೆಚ್ಚಾಗಿ ಎಲ್ಲ ಕೆಳಗಿಳಿಸುವುದು ಈ ಕೆಲಸದ ಖಾಯಂ ತಮಾಷೆ. ಪೈಪಿನ ತುದಿ ವಾಷರಿನಿಂದ ಮುಂದಕ್ಕೆ ಕನಿಷ್ಠ 15-20 ಮಿಲಿಮೀಟರ್ ಒಳಗೆ ಹೋಗಿರಬೇಕು. ಅಷ್ಟು ಉದ್ದ ಸಾಲದಿದ್ದರೆ ಎಳೆದು ಹೊಂದಿಸಲು ಹೋಗಬಾರದು. ಟೇಲ್‌ಪೀಸನ್ನು ಉದ್ದ ಮಾಡುವ ಎಕ್ಸ್‌ಟೆನ್ಷನ್ ತುಂಡು ಬೇರೆಯಾಗಿ ಸಿಗುತ್ತದೆ. ಉದ್ದ ಹೆಚ್ಚಾಗಿ ಪೈಪಿನ ತುದಿ ಟ್ರ್ಯಾಪಿನ ತಿರುವಿಗೆ ಗುದ್ದುತ್ತಿದ್ದರೂ ತಪ್ಪೇ. ಆಗ ನಟ್ ಬಿಗಿಯಾದ ಹಾಗೆ ಅನಿಸುತ್ತದೆ, ವಾಷರ್ ಮಾತ್ರ ಅಮುಕಿಯೇ ಇರುವುದಿಲ್ಲ. ಕತ್ತರಿಸಬೇಕಾದರೆ ಹ್ಯಾಕ್ಸಾ ಬ್ಲೇಡಿನಲ್ಲಿ ಪೈಪಿಗೆ ಲಂಬವಾಗಿ ಕತ್ತರಿಸಿ, ಅಂಚಿನ ಮುಳ್ಳುಗಳನ್ನು ಮರಳುಕಾಗದದಿಂದ ಉಜ್ಜಿ ತೆಗೆಯಿರಿ. ಒಂದು ಮುಳ್ಳು ಉಳಿದರೂ ಹೊಸ ವಾಷರಿನ ತುಟಿ ಸೀಳಿಹೋಗುತ್ತದೆ.

ಅಳತೆ ಇನ್ನೊಂದು ಬಲೆ. ಅಡುಗೆಮನೆ ಸಿಂಕಿಗೆ ಸಾಮಾನ್ಯವಾಗಿ ಒಂದೂವರೆ ಇಂಚಿನ ಪೈಪು, ಕೈತೊಳೆಯುವ ಬೇಸಿನ್ನಿಗೆ ಒಂದೂಕಾಲು ಇಂಚಿನದು. ಒಂದೂವರೆ ಇಂಚಿನ ತೆಳುಗೋಡೆಯ ಟೇಲ್‌ಪೀಸಿನ ಹೊರಸುತ್ತಿನ ವ್ಯಾಸ 38 ಮಿಲಿಮೀಟರ್. 40 ಎಂಎಂ ಎಂದು ಸಿಗುವ ಪಿವಿಸಿ ಪೈಪಿನದು 40. ಎರಡನ್ನೂ ಬಾಯಲ್ಲಿ ಕರೆಯುವುದು 'ಒಂದೂವರೆ ಇಂಚು' ಎಂದೇ. ಈ ಎರಡು ಮಿಲಿಮೀಟರಿನಲ್ಲಿ ವಾಷರ್ ಒಂದೋ ಸಡಿಲ, ಇಲ್ಲ ಏರುವುದೇ ಇಲ್ಲ. ಹಾಗಾಗಿ ಹೊಸ ವಾಷರ್ ತರಲು ಹೋಗುವಾಗ ಹಳೆಯ ವಾಷರು ಮಾತ್ರ ಸಾಲದು, ಅದು ಕೂತಿದ್ದ ಪೈಪಿನ ತುಂಡನ್ನೂ ಜೊತೆಗೆ ಒಯ್ಯಿರಿ. ಹಳೆಯ ವಾಷರ್ ವರ್ಷಾನುಗಟ್ಟಲೆ ಅಮುಕಿ ಹಿಗ್ಗಿರುತ್ತದೆ, ಅದರ ಅಳತೆ ನಂಬುವಂಥದ್ದಲ್ಲ. ದೊಡ್ಡ ಬಾಯಿಗೆ ಸಣ್ಣ ಪೈಪು ಸೇರಿಸಲು ರೆಡ್ಯೂಸಿಂಗ್ ವಾಷರ್ ಎಂದೇ ಬೇರೆ ಸಿಗುತ್ತದೆ. ಎರಡು ಸಾದಾ ವಾಷರ್ ಒಂದರ ಮೇಲೊಂದು ಹಾಕಿ ಸಂದು ತುಂಬಿಸುವುದು ನಿಲ್ಲುವ ಕೆಲಸವಲ್ಲ.

ಟೆಫ್ಲಾನ್ ಟೇಪಿನ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕು. ಟೇಪು ಕೆಲಸ ಮಾಡುವುದು ಥ್ರೆಡ್ಡೇ (ತಿರುಪಿನ ಎಳೆಗಳೇ) ನೀರು ತಡೆಯಬೇಕಾದ ಕಡೆ, ಅಂದರೆ ನಲ್ಲಿ, ವಾಲ್ವುಗಳ ಜೋಡಣೆಯಲ್ಲಿ. ಇಲ್ಲಿ ಥ್ರೆಡ್ಡಿನ ಕೆಲಸ ವಾಷರನ್ನು ಒತ್ತಿ ಹಿಡಿಯುವುದಷ್ಟೇ, ನೀರಿಗೂ ಅದಕ್ಕೂ ಸಂಬಂಧವೇ ಇಲ್ಲ. ಟೇಪು ಸುತ್ತಿದರೆ ನಟ್ ಬೇಗ ಬಿಗಿಯಾದ ಭ್ರಮೆ ಬರುತ್ತದೆ, ವಾಷರಿಗೆ ಬೇಕಾದ ಒತ್ತು ಸಿಗುವುದಿಲ್ಲ. ಟ್ರ್ಯಾಪಿನ ನಟ್ಟಿಗೆ ಯಾರಾದರೂ ದಪ್ಪಗೆ ಟೇಪು ಸುತ್ತಿದ್ದರೆ, ಅಲ್ಲಿ ವಾಷರ್ ತಪ್ಪಾಗಿದೆ ಎಂಬುದಕ್ಕೆ ಅದೇ ಗುರುತು ಎಂದುಕೊಂಡು ಬಿಚ್ಚಿ ನೋಡಬಹುದು. ಜಾರುಜಾಯಿಂಟಿನ ಹೊರಗೆ ಸಿಲಿಕಾನ್ ಮೆತ್ತುವುದೂ ಇದೇ ಸಾಲಿನದು. ಒದ್ದೆ, ಜಿಡ್ಡು ಹಿಡಿದ ಮೈಗೆ ಅದು ಅಂಟುವುದಿಲ್ಲ. ಮುಂದೆ ಬಿಚ್ಚುವವರ ಶಾಪ ಮಾತ್ರ ಅಂಟುತ್ತದೆ.

ಬಿಚ್ಚುವುದು, ಕೂಡಿಸುವುದು

ಬಿಚ್ಚುವ ಮುಂಚೆ ಒಂದು ಪ್ರಶ್ನೆ: ಈಚೆಗೆ ಯಾರಾದರೂ ಡ್ರೇನ್ ಕ್ಲೀನರ್ ಸುರಿದಿದ್ದಾರೆಯೇ? ಅವುಗಳಲ್ಲಿ ಹಲವು ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್ ಇರುವಂಥವು. ಟ್ರ್ಯಾಪಿನಲ್ಲಿ ಅದು ನಿಂತಿದ್ದರೆ ನೀವು ಕೆಳಗೆ ಮಲಗಿ ಮುಖ ಮೇಲೆ ಮಾಡಿ ನಟ್ ಬಿಚ್ಚುವಾಗ ನೇರ ಕಣ್ಣಿಗೆ ಬೀಳುತ್ತದೆ. ಅಂಥ ಅನುಮಾನವಿದ್ದರೆ ಸಾಕಷ್ಟು ತಣ್ಣೀರು ಬಿಟ್ಟು ತೊಳೆಯಿರಿ. ನೀರು ಇಳಿಯದೆ ಕಟ್ಟಿಕೊಂಡಿದ್ದರೆ ಕನ್ನಡಕ, ದಪ್ಪ ರಬ್ಬರ್ ಗ್ಲೌಸ್ ಇಲ್ಲದೆ ಕೈ ಹಾಕಬೇಡಿ.

ಬಕೆಟ್ ಇಡಿ. ಟ್ರ್ಯಾಪಿನಲ್ಲಿ ಯಾವಾಗಲೂ ನೀರಿರುತ್ತದೆ, ಇರಲೇಬೇಕು. ಚರಂಡಿಯ ಗಾಳಿ ಮನೆಯೊಳಗೆ ಬಾರದ ಹಾಗೆ ತಡೆಯುವುದು ಆ ನಿಂತ ನೀರೇ. ಸ್ಕಾಟ್ಲೆಂಡಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಶೌಚದ ಪೈಪಿಗೆ ಹೀಗೆ ಬಾಗಿದ ಕೊಳವೆ ಹಾಕಿ ಪೇಟೆಂಟ್ ಪಡೆದ. ಅಂದಿನಿಂದ ಇಂದಿನವರೆಗೆ ಉಪಾಯ ಅದೇ. ಆ ನೀರಿನ ಆಳ ಕನಿಷ್ಠ 50 ಮಿಲಿಮೀಟರ್ ಇರಬೇಕೆಂಬುದು ಸಾಮಾನ್ಯ ನಿಯಮ, ಅಡುಗೆಮನೆ ಸಿಂಕಿಗೆ 75 ಕೇಳುವ ಕಡೆಗಳೂ ಇವೆ. ಬಕೆಟ್ಟಿಗೆ ಇಳಿದ ಆ ಕೊಳೆನೀರನ್ನು ಅದೇ ಸಿಂಕಿಗೆ ಸುರಿಯಬೇಡಿ. ಕೆಳಗೆ ಟ್ರ್ಯಾಪ್ ಇಲ್ಲ ಎಂಬುದು ಸುರಿದ ಮೇಲೆ ನೆನಪಾಗುತ್ತದೆ.

ನಟ್ ತಿರುಗಿಸುವ ದಿಕ್ಕು ಬಲ್ಲವರನ್ನೂ ಗಲಿಬಿಲಿ ಮಾಡುತ್ತದೆ. ಒಂದೇ ಟೇಲ್‌ಪೀಸಿನ ಮೇಲೆ ಗೇಣು ದೂರದಲ್ಲಿ ಎರಡು ನಟ್ ಇವೆ. ಮೇಲಿನದು ಕಪ್ಲಿಂಗಿನ ಥ್ರೆಡ್ಡಿಗೆ ಕೆಳಗಿನಿಂದ ಮೇಲಕ್ಕೆ ಏರುವಂಥದ್ದು. ಕೆಳಗಿನದು ಟ್ರ್ಯಾಪಿನ ಥ್ರೆಡ್ಡಿಗೆ ಮೇಲಿನಿಂದ ಕೆಳಕ್ಕೆ ಇಳಿಯುವಂಥದ್ದು. ಕೆಳಗೆ ಮಲಗಿ ಮೇಲಕ್ಕೆ ನೋಡುವವರ ಕಣ್ಣಿಗೆ ಮೇಲಿನ ನಟ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಗಿಯಾಗುತ್ತದೆ, ಕೆಳಗಿನದು ಅದೇ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಬಿಚ್ಚುತ್ತಿದ್ದೇವೆ ಎಂದುಕೊಂಡು ಬಿಗಿ ಮಾಡಿಯೇ ಎಷ್ಟೋ ನಟ್ಟುಗಳು ಒಡೆಯುವುದು. ಮೊದಲ ತಿರುವಿಗೆ ಮುಂಚೆ ನಟ್ ಯಾವ ಕಡೆ ಸಾಗಿದರೆ ಥ್ರೆಡ್ಡಿನಿಂದ ಹೊರಬರುತ್ತದೆ ಎಂದು ಕ್ಷಣ ಯೋಚಿಸಿ. ಕೈಗೆ ಬಗ್ಗದಿದ್ದರೆ ಬಟ್ಟೆ ಸುತ್ತಿ ವಾಟರ್ ಪಂಪ್ ಪ್ಲೈಯರ್ (ಬಾಯಿ ಅಗಲ ಮಾಡಬಹುದಾದ ಇಕ್ಕಳ) ಬಳಸಬಹುದು, ಇನ್ನೊಂದು ಕೈಯಲ್ಲಿ ಪೈಪು ತಿರುಗದಂತೆ ಹಿಡಿದುಕೊಂಡು.

ಬಿಚ್ಚಿದ ಮೇಲೆ ಎಲ್ಲ ಭಾಗಗಳನ್ನೂ ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಬಾಟಲಿ ಬ್ರಷ್ ಹಾಕಿ ತೊಳೆಯಿರಿ. ವಾಷರ್ ಕೂರುವ ಜಾಗದಲ್ಲಿ ಒಣಗಿದ ಜಿಡ್ಡಿನ ಪದರ ಇರುತ್ತದೆ, ಅದನ್ನು ಉಗುರಿನಲ್ಲಿ ಕೆರೆದಾದರೂ ತೆಗೆಯಬೇಕು, ಚಾಕುವಿನಲ್ಲಿ ಬೇಡ. ಪ್ಲಾಸ್ಟಿಕ್ಕಿನ ಮೇಲೆ ಗೀರು ಬಿದ್ದರೆ ನೀರಿಗೆ ಅದೇ ಕಾಲುವೆ. ಟ್ರ್ಯಾಪಿನ ಬಾಯಿಯ ಅಂಚಿನಲ್ಲಿ ಕೂದಲೆಳೆಯಂಥ ಸೀಳು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಇದ್ದರೆ ಆ ಟ್ರ್ಯಾಪ್ ಮುಗಿಯಿತು. ಕ್ರೋಮ್ ಮೆರುಗಿನ ಹಿತ್ತಾಳೆ ಟ್ರ್ಯಾಪಾದರೆ ತಳದ ಬಾಗನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒಳಗಿನಿಂದ ಸವೆದು ಹಾಳೆಯಷ್ಟಾದ ಲೋಹ ಒತ್ತಿದ ಕೂಡಲೇ ತಗ್ಗುತ್ತದೆ. ಅಂಥದಕ್ಕೆ ವಾಷರ್ ಬದಲಿಸಿ ಫಲವಿಲ್ಲ.

ಬಿಚ್ಚಿದ ಜಾಯಿಂಟಿಗೆ ಹಳೆಯ ವಾಷರನ್ನೇ ಹಾಕುವ ಜಿಪುಣತನ ಬೇಡ. ಹೊಸದಕ್ಕೆ ಸೋಪಿನ ನೀರೋ ಸಿಲಿಕಾನ್ ಗ್ರೀಸೋ ಸವರಿದರೆ ನಟ್ ತಿರುಗುವಾಗ ವಾಷರ್ ಜೊತೆಗೆ ತಿರುಚಿಕೊಳ್ಳುವುದಿಲ್ಲ. ವ್ಯಾಸಲೀನ್ ಥರದ ಪೆಟ್ರೋಲಿಯಂ ಜೆಲ್ಲಿ ಹಲವು ಬಗೆಯ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ, ಹಾಕಬೇಡಿ.

ಕೂಡಿಸುವಾಗ ಯಾವುದೇ ನಟ್ಟನ್ನೂ ಒಮ್ಮೆಲೇ ಪೂರ್ತಿ ಬಿಗಿ ಮಾಡಬಾರದು. ಎಲ್ಲವನ್ನೂ ಎರಡೆರಡು ಎಳೆ ಹಿಡಿಯುವಷ್ಟು ಸಡಿಲವಾಗಿ ಹಾಕಿ, ಟ್ರ್ಯಾಪನ್ನು ಆಚೀಚೆ ಅಲುಗಿಸಿ, ಪ್ರತಿ ಪೈಪೂ ತನ್ನ ಬಾಯಿಗೆ ನೇರವಾಗಿ, ಯಾರೂ ಎಳೆಯದೆ ತಾನಾಗಿ ನಿಲ್ಲುವ ಹಾಗೆ ಹೊಂದಿಸಬೇಕು. ಈ ಕೆಲಸದ ಜೀವ ಇರುವುದು ಇಲ್ಲಿ. ಕೈ ಬಿಟ್ಟ ಕೂಡಲೇ ಪೈಪು ಪಕ್ಕಕ್ಕೆ ಚಿಮ್ಮಿದರೆ, ನಟ್ ಎಳೆದು ತಂದು ನೇರ ಮಾಡಬೇಕಾಗಿ ಬಂದರೆ, ಆ ಜಾಯಿಂಟ್ ಇವತ್ತು ಒಣಗಿದ್ದರೂ ಮುಂದೆ ಸೋರುತ್ತದೆ. ವಾಷರಿನ ಒಂದು ಪಕ್ಕಕ್ಕೆ ಭಾರ, ಇನ್ನೊಂದು ಪಕ್ಕ ಖಾಲಿ. ಬಿಸಿನೀರು ಬಿದ್ದಾಗ ಪ್ಲಾಸ್ಟಿಕ್ ಹಿಗ್ಗಿ, ತಣ್ಣಗಾದಾಗ ಕುಗ್ಗಿ, ಆ ಖಾಲಿ ಪಕ್ಕ ದಿನೇ ದಿನೇ ತೆರೆದುಕೊಳ್ಳುತ್ತದೆ. ಒಂದು ಮೀಟರ್ ಪಿವಿಸಿ ಪೈಪು 50 ಡಿಗ್ರಿ ಬಿಸಿಯೇರಿದರೆ ಸುಮಾರು 3 ಮಿಲಿಮೀಟರ್ ಉದ್ದವಾಗುತ್ತದೆ. ಗೋಡೆಯಿಂದ ಬರುವ ಪೈಪಿಗೂ ಟ್ರ್ಯಾಪಿಗೂ ನೇರ ತಾಳೆಯಾಗದಿದ್ದರೆ ಟ್ರ್ಯಾಪಿನ ಬಾಗನ್ನು ತಿರುಗಿಸಿ, ಬೇಕಾದರೆ 45 ಡಿಗ್ರಿಯ ಒಂದು ಬೆಂಡ್ ಸೇರಿಸಿ ಹೊಂದಿಸಿ. ಗೋಡೆಯ ಕಡೆಗೆ ಹೋಗುವ ತುಂಡು ಮೀಟರಿಗೆ 2 ಸೆಂಟಿಮೀಟರಿನಷ್ಟು ಇಳಿಜಾರಾಗಿರಲಿ.

ನೇರವಾದ ಮೇಲೆ ನಟ್ಟುಗಳ ಸರದಿ. ಥ್ರೆಡ್ ತಪ್ಪಿ ಏರದಿರಲು ಮೊದಲು ಹಿಂದಕ್ಕೆ ತಿರುಗಿಸಿ. ಒಂದು ಕಡೆ ಸಣ್ಣಗೆ ತಟ್ಟನೆ ಕೆಳಗಿಳಿದ ಅನುಭವ ಬೆರಳಿಗೆ ಸಿಗುತ್ತದೆ, ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ನಟ್ ಸಲೀಸಾಗಿ ಹೋಗುತ್ತದೆ. ಕೈಯಲ್ಲಿ ನಿಲ್ಲುವವರೆಗೆ ಬಿಗಿ ಮಾಡಿ, ಆಮೇಲೆ ಹೆಚ್ಚೆಂದರೆ ಕಾಲು ಸುತ್ತು. ಅಷ್ಟರಲ್ಲಿ ನೀರು ನಿಲ್ಲದಿದ್ದರೆ ತಪ್ಪು ಬೇರೆ ಕಡೆ ಇದೆ. ಬಾಟಲಿಯ ಆಕಾರದ ಬಾಟಲ್ ಟ್ರ್ಯಾಪಿನ ಕೆಳಗಿನ ಬಟ್ಟಲಿಗಂತೂ ಇಕ್ಕಳ ಮುಟ್ಟಿಸಲೇಬಾರದು, ಅದರ ಓ-ರಿಂಗ್ (ರಬ್ಬರ್ ಬಳೆ) ಮತ್ತು ಅದು ಕೂರುವ ತೋಡು ಸ್ವಚ್ಛವಾಗಿದ್ದರೆ ಕೈಬಿಗಿ ಸಾಕು.

ಕಪ್ಲಿಂಗೇ ಸೋರಿದರೆ

ಇದು ಸ್ವಲ್ಪ ದೊಡ್ಡ ಕೆಲಸ, ಇಬ್ಬರಿದ್ದರೆ ಒಳ್ಳೆಯದು. ಕೆಳಗೆ ದೊಡ್ಡ ಲಾಕ್ ನಟ್ ಬಿಚ್ಚುವಾಗ ಮೇಲಿನ ಜಾಲರಿಯ ಭಾಗ ಜೊತೆಗೇ ಸುತ್ತುತ್ತದೆ. ಒಬ್ಬರು ಮೇಲಿನಿಂದ ಅದರ ಅಡ್ಡಪಟ್ಟಿಗೆ ಇಕ್ಕಳದ ಎರಡು ಹಿಡಿಗಳನ್ನು ಕೊಟ್ಟು ಹಿಡಿದಿರಬೇಕು. ನಟ್ ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಕದಲದಿದ್ದರೆ ಹ್ಯಾಕ್ಸಾ ಬ್ಲೇಡಿನಲ್ಲಿ ಓರೆಯಾಗಿ ಸೀಳಿ ತೆಗೆಯುವುದೇ ದಾರಿ, ಸಿಂಕಿಗೆ ತಾಗದಂತೆ.

ತೆಗೆದ ಮೇಲೆ ತೂತಿನ ಅಂಚಿನ ಹಳೆಯ ಪುಟ್ಟಿ, ಸಿಲಿಕಾನ್ ಎಲ್ಲವನ್ನೂ ಕೆರೆದು ಸ್ಪಿರಿಟ್ಟಿನಲ್ಲಿ ಒರೆಸಬೇಕು. ಹೊಸ ಸಿಲಿಕಾನ್ ಹಳೆಯ ಸಿಲಿಕಾನಿಗೆ ಸರಿಯಾಗಿ ಅಂಟುವುದಿಲ್ಲ. ಕಪ್ಲಿಂಗಿನ ಮೇಲಂಚಿನ ಅಡಿಗೆ ಪ್ಲಂಬರ್ ಪುಟ್ಟಿಯನ್ನು ಪೆನ್ಸಿಲ್ ದಪ್ಪಕ್ಕೆ ಹೊಸೆದು ಸುತ್ತಲೂ ಇಟ್ಟು ಒತ್ತಿ ಕೂರಿಸಿ. ಗ್ರಾನೈಟ್, ಮಾರ್ಬಲ್ ಸಿಂಕಾದರೆ ಪುಟ್ಟಿಯ ಎಣ್ಣೆ ಕಲ್ಲಿಗೆ ಇಳಿದು ಕಲೆ ಮಾಡುತ್ತದೆ, ಕೆಲವು ಪ್ಲಾಸ್ಟಿಕ್‌ಗಳನ್ನೂ ಅದು ಕೆಡಿಸುತ್ತದೆ. ಅಲ್ಲಿ ಸಿಲಿಕಾನ್ ಹಾಕಿ 24 ಗಂಟೆ ನೀರು ಮುಟ್ಟಿಸದೆ ಬಿಡಿ. ಮೇಲಂಚಿಗೆ ರಬ್ಬರ್ ಗ್ಯಾಸ್ಕೆಟ್ ಜೊತೆಗೇ ಬಂದಿದ್ದರೆ ಅದೊಂದೇ ಸಾಕು, ಅದರ ಜೊತೆ ಪುಟ್ಟಿ ಸೇರಿಸಿದರೆ ಗ್ಯಾಸ್ಕೆಟ್ ಜಾರಿ ಹೊರಗೆ ಬರುತ್ತದೆ.

ಕೆಳಗಿನಿಂದ ಮೊದಲು ರಬ್ಬರ್ ಗ್ಯಾಸ್ಕೆಟ್, ಅದರ ಕೆಳಗೆ ರಟ್ಟಿನ ಅಥವಾ ಫೈಬರ್ ಬಳೆ, ಕೊನೆಗೆ ನಟ್. ಆ ರಟ್ಟಿನ ಬಳೆಯನ್ನು ಪ್ಯಾಕಿಂಗ್ ಕಸ ಎಂದು ಎಸೆದುಬಿಡುವುದುಂಟು. ನಟ್ ತಿರುಗುವಾಗ ರಬ್ಬರಿನ ಮೇಲೆ ಉಜ್ಜದೆ ಜಾರಲಿ ಎಂದು ಅದು ಇರುವುದು, ಇಲ್ಲದಿದ್ದರೆ ರಬ್ಬರ್ ಮುದುಡಿಕೊಳ್ಳುತ್ತದೆ. ನಡುವೆ ಒಂದೇ ಸ್ಕ್ರೂ ಇರುವ ಬಗೆಯ ಕಪ್ಲಿಂಗಾದರೆ ಮೇಲಿನಿಂದಲೇ ಸ್ಕ್ರೂ ಡ್ರೈವರಿನಲ್ಲಿ ಕೆಲಸ ಮುಗಿಯುತ್ತದೆ. ಅಲ್ಲಿ ಸ್ಕ್ರೂ ತುಕ್ಕು ಹಿಡಿಯುವುದೇ ಮುಖ್ಯ ರೋಗ. ಹೊಸ ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ, ಅತಿ ಬಿಗಿ ಮಾಡಿ ಒಳಗಿನ ಥ್ರೆಡ್ ಕೀಳಬೇಡಿ.

ಸುರುಳಿ ಪೈಪು, ಕಟ್ಟಿಕೊಂಡ ಪೈಪು

ಬೇಕಾದ ಹಾಗೆ ಬಗ್ಗುವ ಸುಕ್ಕುಸುಕ್ಕಾದ ವೇಸ್ಟ್ ಪೈಪು ಎಲ್ಲ ತಪ್ಪು ಅಳತೆಗಳನ್ನೂ ಮುಚ್ಚಿಹಾಕುತ್ತದೆ, ಅದಕ್ಕೇ ಅದು ಅಷ್ಟು ಜನಪ್ರಿಯ. ಅದರ ಒಳಸುಕ್ಕುಗಳಲ್ಲಿ ಜಿಡ್ಡು ಕೂರುತ್ತದೆ, ನಡುವೆ ಜೋತುಬಿದ್ದರೆ ಅಲ್ಲಿ ಕೆಸರು ನಿಲ್ಲುತ್ತದೆ, ಬಿಸಿನೀರಿಗೆ ಮೆತ್ತಗಾಗಿ ಸುಕ್ಕಿನ ಮಡಿಕೆಯಲ್ಲೇ ಸೀಳು ಬಿಡುತ್ತದೆ. ಆ ಸೀಳಿಗೆ ಟೇಪು ಸುತ್ತುವುದು ವ್ಯರ್ಥ, ಪೈಪೇ ಬದಲಾಗಬೇಕು. ಜಾಗವಿದ್ದರೆ ನಯವಾದ ಗೋಡೆಯ ಗಟ್ಟಿ ಪೈಪೇ ಮೇಲು. ಸುರುಳಿ ಪೈಪೇ ಗತಿಯಾದರೆ ಬೇಕಾದಷ್ಟೇ ಉದ್ದ ಇಟ್ಟು, ಜೋತುಬೀಳದಂತೆ ಕ್ಲಾಂಪ್ ಹಾಕಿ. ಅದರ ಕೆಳತುದಿಯನ್ನು ನೆಲದ ಪೈಪಿನ ಬಾಯಿಗೆ ಸುಮ್ಮನೆ ತುರುಕಿದ್ದರೆ ನೀರು ಉಕ್ಕಿದಾಗ ಅಲ್ಲಿಂದ ಹೊರಬರುತ್ತದೆ, ಜೊತೆಗೆ ವಾಸನೆ ಬೇರೆ. ಎರಡರ ನಡುವಿನ ಸಂದಿಗೆ ಹೊಂದುವ ರಬ್ಬರ್ ರಿಂಗ್ ಸಿಗುತ್ತದೆ, ಚಿಂದಿ ಬಟ್ಟೆ ತುರುಕುವ ಅಗತ್ಯವಿಲ್ಲ.

ಇನ್ನೊಂದು ಬಗೆಯ ಸೋರಿಕೆ ಜಾಯಿಂಟಿನ ತಪ್ಪೇ ಅಲ್ಲ. ತಿಂಗಳುಗಟ್ಟಲೆ ಒಣಗಿದ್ದ ಜಾಯಿಂಟು ಇದ್ದಕ್ಕಿದ್ದಂತೆ, ಅದೂ ಜೋರಾಗಿ ನೀರು ಬಿಟ್ಟಾಗ ಮಾತ್ರ ಸೋರಿದರೆ, ಮುಂದೆ ಎಲ್ಲೋ ಪೈಪು ಕಟ್ಟಿಕೊಂಡಿದೆ ಎಂದು ತಿಳಿಯಿರಿ. ಹರಿದುಹೋಗಬೇಕಾದ ನೀರು ಹಿಂದಕ್ಕೆ ನಿಂತು, ಎಂದೂ ಮುಳುಗದ ಜಾಯಿಂಟುಗಳು ಮುಳುಗುತ್ತವೆ. ಸಿಂಕ್ ಖಾಲಿಯಾಗುವಾಗ ಗೊಳಗೊಳ ಸದ್ದು, ಕೊನೆಯಲ್ಲಿ ನಿಧಾನವಾಗುವ ನೀರು ಇದರ ಲಕ್ಷಣ. ಅಲ್ಲಿ ವಾಷರ್ ಬದಲಿಸಿದರೆ ಸೋರಿಕೆ ಮುಂದಿನ ಜಾಯಿಂಟಿಗೆ ಹೋಗುತ್ತದಷ್ಟೇ. ಮೊದಲು ಟ್ರ್ಯಾಪ್ ಬಿಚ್ಚಿ, ಗೋಡೆಯ ಕಡೆಯ ಪೈಪಿಗೆ ಡ್ರೇನ್ ಸ್ಪ್ರಿಂಗ್ (ಕಸ ತೆಗೆಯುವ ಉದ್ದನೆಯ ಬಗ್ಗುವ ತಂತಿ) ಹಾಕಿ ತೆರವು ಮಾಡಬೇಕು. ಸಿಂಕಿಗೆ ಕುದಿಯುವ ನೀರು ಸುರಿಯುವ ಅಭ್ಯಾಸವಿದ್ದರೆ ಬಿಡುವುದು ಒಳ್ಳೆಯದು. ಸಾಮಾನ್ಯ ಪಿವಿಸಿ ಸುಮಾರು 60 ಡಿಗ್ರಿಗಿಂತ ಹೆಚ್ಚಿನ ಬಿಸಿಗೆ ಮಾಡಿದ್ದಲ್ಲ.

ಸಾಲ್ವೆಂಟ್ (ಪಿವಿಸಿ ಅಂಟು) ಹಾಕಿ ಅಂಟಿಸಿದ ಜಾಯಿಂಟು ಸೋರಿದರೆ ಹೊರಗಿನಿಂದ ಮತ್ತೆ ಸಾಲ್ವೆಂಟ್ ಬಳಿದು ಪ್ರಯೋಜನವಿಲ್ಲ. ಕತ್ತರಿಸಿ ಹೊಸ ತುಂಡು ಹಾಕಬೇಕು. ಎರಡೂ ಮೈ ಒಣಗಿರಬೇಕು, ತೂರಿಸುವಾಗ ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಗೋಡೆಯೊಳಗಿನ ಪೈಪೇ ಒಡೆದಿದ್ದರೆ ಅದು ಕಪಾಟಿನೊಳಗೆ ಕೂತು ಮುಗಿಸುವ ಕೆಲಸವಲ್ಲ, ಪ್ಲಂಬರನ್ನು ಕರೆಯಿರಿ. ಎಪಾಕ್ಸಿ ಪುಟ್ಟಿ ಮೆತ್ತಿದರೆ ಅವರು ಬರುವವರೆಗೆ ಬಂದೀತು.

ಕೆಲಸ ಮುಗಿದ ಮೇಲೆ ಎಲ್ಲವನ್ನೂ ಮತ್ತೆ ಒರೆಸಿ, ಹೊಸ ಕಾಗದ ಹಾಸಿ, ಮೊದಲಿನಂತೆ ಸಿಂಕ್ ತುಂಬಿಸಿ ಒಮ್ಮೆಲೇ ಬಿಡಿ. ಮೊದಲು ತಣ್ಣೀರು, ಆಮೇಲೆ ನಲ್ಲಿಯಲ್ಲಿ ಬರುವಷ್ಟು ಬಿಸಿಯ ನೀರು. ಕಪಾಟಿನ ಬಾಗಿಲು ಒಂದೆರಡು ದಿನ ತೆರೆದೇ ಇರಲಿ. ಒದ್ದೆಯಾದ ಹಲಗೆ ಅಷ್ಟರಲ್ಲಿ ಒಣಗದಿದ್ದರೆ ಬೂಸ್ಟು ಹಿಡಿಯುತ್ತದೆ, ಪಾರ್ಟಿಕಲ್ ಬೋರ್ಡ್ ಆಗಿದ್ದರೆ ಉಬ್ಬಿದ್ದು ಇಳಿಯುವುದೇ ಇಲ್ಲ. ಹೊಸ ವಾಷರ್ ಒಂದು ದಿನದಲ್ಲಿ ಸ್ವಲ್ಪ ಅಮುಕಿ ಕೂರುತ್ತದೆ, ಆದ್ದರಿಂದ ಮರುದಿನ ಪ್ರತಿ ನಟ್ಟನ್ನೂ ಬರಿಗೈಯಲ್ಲಿ ಒಮ್ಮೆ ಮುಟ್ಟಿ ನೋಡಿ, ಸಡಿಲವಾಗಿದ್ದರೆ ಬೆರಳಿನ ಬಲದಷ್ಟೇ ತಿರುಗಿಸಿ. ಕಾಗದದ ಮೇಲೆ ಕಲೆ ಬಿದ್ದಿಲ್ಲವೆಂದರೆ ಸಾಮಾನು ಒಳಗಿಡಬಹುದು. ಭಾರದ ಡಬ್ಬಗಳು, ಸಿಲಿಂಡರ್, ಬಕೆಟ್ಟು ಟ್ರ್ಯಾಪಿಗೆ ಒರಗದಂತೆ ನಾಲ್ಕು ಬೆರಳು ದೂರದಲ್ಲಿರಲಿ, ಒಳಗೆ ತಳ್ಳುವಾಗ ಬಿದ್ದ ಒಂದು ಗುದ್ದಿಗೆ ಓರೆಯಾದ ಜಾಯಿಂಟುಗಳು ಕಡಿಮೆಯೇನಿಲ್ಲ.